ಮುಂದಿನ ಎಡಗಡೆ ಸೀಟು

ಜನವರಿ 30

ಐದೂವರೆಗೇ ಎಚ್ಚರ. ರಿಟೈರ್ ಆಗಿದ್ದೇನೆ ಅನ್ನೋ ಆರ್ಡರ್ ಮೈಗೆ ಇನ್ನೂ ತಲುಪಿಲ್ಲ. ಮುಖ ತೊಳೆಯೋ ಮೊದಲೇ ಕಾರು ಒರೆಸಿದೆ. ನೀಲಿ ಬಣ್ಣ, ಪುಟ್ಟ ಗಾಡಿ. ಧರ್ಮಪುರಿಯ ಮೇಷ್ಟ್ರೊಬ್ಬರ ಹತ್ತಿರ ಕೊಂಡು ತಂದದ್ದು. ಟಿಎನ್ ನಂಬರು. ಕೋಡಿಹಳ್ಳಿಯಲ್ಲಿ ಹೋಗೋರು ಬರೋರೆಲ್ಲ ಒಂದೇ ಕೇಳೋದು — "ಯಾರ್ ಮನೆಗ್ಲಾ ತಮಿಳ್ನೋರು ಬಂದವ್ರೆ?" ನನ್ನದು ಕಣ್ರಪ್ಪಾ, ನನ್ನದು!

ಅಲ್ಲ, ತಪ್ಪಾಯ್ತು. ಶಿವಲಿಂಗಮ್ಮನದು. ಡೈರಿಗೆ ಹಾಲು ಹಾಕಿ ಕೂಡಿಟ್ಟಿದ್ದನ್ನೆಲ್ಲ ಇದಕ್ಕೇ ಸುರಿದಳು. "ನಿನ್ ಹೆಸ್ರಲ್ಲಿ ಲೈಸೆನ್ಸ್ ಐತಲ್ಲ, ನನ್ ಹೆಸ್ರಲ್ಲಿ ಗಾಡಿ ಇರ್ಲಿ" ಅಂದಳು. ಹೆಂಡತಿ ಮಾತು, ಸರಿ ಅವಳ ಹೆಸರಿಗೇ ಆಗಲಿ ಅಂದೆ.

ಆದರೆ ಕೂರೋದಿಲ್ಲವಂತೆ! "ನನ್ ಹೆಸ್ರಿಗೆ ಆಗ್ಲಿ, ನಮ್ ಕೆಎ ನಂಬರ್ ಬರ್ಲಿ, ಆಮೇಲೆ. ಕಂಡೋರ್ ಗಾಡೀಲಿ ನಾನ್ ಯಾಕಯ್ಯ ಕೂರ್ಲಿ?"

ಇಷ್ಟು ವರ್ಷ ಕನಕಪುರದ ರೂಟುಗಳಲ್ಲೇ ಬಸ್ ಓಡಿಸಿದೆ. ತವರು ದೊಡ್ಡಆಲಹಳ್ಳಿಗೆ ಹೋಗುವಾಗೆಲ್ಲ ಇವಳು ನನ್ನ ಬಸ್ಸಿಗೇ ಹತ್ತೋಳು. ಹೆಂಗಸರ ಸೀಟು. ಕನ್ನಡಿಯಲ್ಲಿ ಅರ್ಧ ಮುಖ. ನನ್ನ ತಲೆ ಮೇಲೆ ಬೋರ್ಡು — ಚಾಲಕರೊಂದಿಗೆ ಮಾತನಾಡಬೇಡಿ. ಇವಳಿಗೆ ರೂಲ್ಸ್ ಅಂದ್ರೆ ರೂಲ್ಸು. ಒಂದು ಮಾತಿಲ್ಲ. ಮನೆಗೆ ಬಂದರೆ ಅವಳಿಗೆ ಹಸು, ನನಗೆ ನಿದ್ದೆ.

ಅದಕ್ಕೇ ಆಸೆ. ಪಕ್ಕದಲ್ಲಿ ಕೂರಿಸಿಕೊಂಡು ಆಲಹಳ್ಳಿವರೆಗೂ ಮಾತಾಡಿಕೊಂಡು ಹೋಗಬೇಕು. ಇಷ್ಟಕ್ಕೇ ಕಾರು. ಅವಳಿಗೆ ಹೇಳಿಲ್ಲ. ನಕ್ಕುಬಿಡ್ತಾಳೆ.

ಫೆಬ್ರವರಿ 2

ರಾಮನಗರ. ಆರ್‌ಟಿಓ ಹತ್ತಿರ ತೌಹೀದ್ ಅಂತ, ಜೆರಾಕ್ಸ್ ಅಂಗಡಿ. ಕಾಗದಪತ್ರ ಮಾಡಿಸಿಕೊಡ್ತಾನೆ. ಬಿಡಿಸಿ ಹೇಳಿದ. ಮೊದಲು ಧರ್ಮಪುರಿ ಕಡೆಯಿಂದ ಎನ್‌ಓಸಿ, ಅಂದರೆ ಗಾಡಿ ಹೋಗಲಿ, ನಮ್ಮ ತಕರಾರಿಲ್ಲ ಅಂತ ಬರೆದುಕೊಡೋದು. ಆಮೇಲೆ ಇಲ್ಲಿ ಟ್ಯಾಕ್ಸು, ಇನ್‌ಸ್ಪೆಕ್ಷನ್ನು, ಹೊಸ ನಂಬರು.

"ಹೆಣ್ ಕೊಟ್ಟಂಗೆ ಅಣ್ಣ. ಅವ್ರು ಕಳಿಸ್ಕೊಡ್ಬೇಕು, ನೀವು ಮನೆ ತುಂಬಿಸ್ಕೋಬೇಕು."

ಎಷ್ಟು ಚೆನ್ನಾಗಿ ಹೇಳಿದ! ಬರ್ತಾ ದಾರಿಯುದ್ದಕ್ಕೂ ಶಿಳ್ಳೆ ಹಾಕಿದೆ.

ಫೆಬ್ರವರಿ 11

ತೊಡಕು. ಮೇಷ್ಟ್ರು ಕಾರಿಗೆ ಸಾಲ ತೀರಿಸಿ ಯಾವ ಕಾಲವೋ ಆಯ್ತು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸೋದು ಮರೆತಿದ್ದಾರೆ. ಅದು ಹೋಗದೆ ಎನ್‌ಓಸಿ ಇಲ್ಲ. ಫೋನ್ ಮಾಡಿದೆ. ನನ್ನದು ಅರೆ ತಮಿಳು, ಅವರದು ಅರೆ ಕನ್ನಡ. "ಪಣ್ಣಿಡಲಾಂ ಸಾರ್, ಪಣ್ಣಿಡಲಾಂ" ಅಂದರು. ಮಾಡ್ತಾರಂತೆ. ಯಾವಾಗ ಅಂತ ಅವರೂ ಹೇಳಲಿಲ್ಲ, ದೇವರೂ ಹೇಳಲಿಲ್ಲ.

ಶಿವಲಿಂಗಮ್ಮ ಹಾಲು ಕರೀತಾನೇ ತೀರ್ಪು ಕೊಟ್ಟಳು: "ಹೊಸತೊಡಕಿಗೆ ತವರಿಗೆ ಹೋಗ್ತೀನಿ. ಅಷ್ಟರಲ್ಲಿ ನಂಬರ್ ಬಂದ್ರೆ ಕಾರು. ಇಲ್ದಿದ್ರೆ ಬಸ್ಸು. ಆ ಗಾಡಿ ವಾಪಸ್ ಕೊಟ್ಬುಡು."

ಕ್ಯಾಲೆಂಡರ್ ತಿರುವಿ ನೋಡಿದೆ. ಯುಗಾದಿ ಮಾರನೇ ದಿನವೇ ಹೊಸತೊಡಕು. ಎಷ್ಟು ದೂರ?

ಫೆಬ್ರವರಿ 27

ಬಂತು! ಎನ್‌ಓಸಿ ಬಂತು! ಕೊರಿಯರ್ ಹುಡುಗನಿಗೆ ಕಾಫಿ ಕೊಟ್ಟೆ, ಇನ್ನೊಂದು ಲೋಟ ಬೇಡ ಬೇಡ ಅಂದರೂ ಕೊಟ್ಟೆ.

ಮಾರ್ಚ್ 6

ಇನ್‌ಸ್ಪೆಕ್ಷನ್. ಗಾಡಿ ರಾಮನಗರಕ್ಕೆ ಹೋಗಬೇಕು. ಓನರಮ್ಮನೂ ಬರಲಿ, ಸಹಿ ತೊಂದರೆ ಆಗಬಾರದು ಅಂದ ತೌಹೀದ್. ಒಳಗೊಳಗೇ ಕುಣಿದೆ. ಇವತ್ತು ಕೂರಲೇಬೇಕಲ್ಲ!

ಎಲ್ಲಿ ಬಂತು? ಚೀಲ ಹೆಗಲಿಗೆ ಹಾಕಿ ಸ್ಟಾಪಿಗೆ ನಡೆದೇಬಿಟ್ಟಳು. "ನಂಗೆ ಬಸ್ ಫ್ರೀ. ನೀನ್ ಹಿಂದ್ಗಡೆ ಬಾ."

ಬಂದದ್ದು ಬಾಲರಾಜು ಬಸ್ಸು. ನನ್ನ ಕೈಕೆಳಗೆ ಪಳಗಿದ ಡ್ರೈವರು. ಇವಳು ಹತ್ತಿದಳು. ನಾನು ಖಾಲಿ ಕಾರಲ್ಲಿ ಹಿಂದೆ. ಓವರ್‌ಟೇಕ್ ಮಾಡಬಹುದಿತ್ತು. ಮಾಡಲಿಲ್ಲ. ಬಸ್ ನಿಂತಲ್ಲಿ ನಿಂತೆ, ಹೊರಟಾಗ ಹೊರಟೆ. ಒಂದು ಸ್ಟಾಪಲ್ಲಿ ಒಬ್ಬಳು ಮುದುಕಿ ನನ್ನ ಕಾರಿಗೇ ಕೈ ಅಡ್ಡ ಹಾಕಿದಳು. ಅಭ್ಯಾಸಬಲ, ಬ್ರೇಕ್ ಒತ್ತೇಬಿಟ್ಟೆ!

ಬಾಲರಾಜು ಕಿಟಕಿಯಿಂದ ತಲೆ ಹಾಕಿ: "ಏನಣ್ಣೋ, ಚೆಕ್ಕಿಂಗಾ?"

ಆಮೇಲೆ ನೋಡ್ತೀನಿ, ಇವಳು ಎದ್ದು ಹಿಂದಿನ ಸಾಲಿಗೆ ಬಂದಿದ್ದಾಳೆ. ಹಿಂದಿನ ಗಾಜಿಗೆ ಮುಖ ಒತ್ತಿಕೊಂಡು ನನ್ನನ್ನೇ ನೋಡ್ತಿದ್ದಾಳೆ. ಪೂರ್ತಿ ಮುಖ. ನಗು ತಡೆಯೋಕೆ ಸೆರಗು ಬಾಯಿಗೆ. ಕನಕಪುರ ಬರೋವರೆಗೂ ಹಾಗೇ. ಈ ವಯಸ್ಸಲ್ಲಿ ನನಗೆ ನಾಚಿಕೆ ಆಯ್ತು. ಗೇರು ತಪ್ಪಿತು.

ಇನ್‌ಸ್ಪೆಕ್ಷನ್ ಸಲೀಸು. ಚಾಸಿ ನಂಬರಿನ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು. ಇವಳು ಸಹಿ ಮಾಡಿದಳು, ಒಂದೊಂದೇ ಅಕ್ಷರ, ರಂಗೋಲಿ ಚುಕ್ಕಿ ಇಟ್ಟ ಹಾಗೆ. ವಾಪಸ್ಸೂ ಬಸ್ಸೇ.

ಮಾರ್ಚ್ 14

ಮೊಬೈಲಿಗೆ ಮೆಸೇಜು. ಕೆಎ 42! ನಮ್ಮ ರಾಮನಗರದ ನಂಬರು! ಹಸುವಿನ ಹಟ್ಟಿಗೆ ಓಡಿದೆ. ಅವಳ ಕೈಯೆಲ್ಲ ಸಗಣಿ, "ಓದು, ಇನ್ನೊಂದ್ ಸಲ ಓದು" ಅಂದಳು. ಹೆಸರೂ ಓದಿದೆ. ಶಿವಲಿಂಗಮ್ಮ, ಗಂಡ ಬೋರಲಿಂಗಯ್ಯ. ಕಣ್ಣು ಒದ್ದೆ ಮಾಡಿಕೊಂಡಳು. ಹೊಗೆಯಂತೆ. ಹಟ್ಟಿಯಲ್ಲಿ ಎಲ್ಲಿಯ ಹೊಗೆ?

ಏನೋ ಹೇಳಹೊರಟು ನಿಲ್ಲಿಸಿದಳು. "ಈಗ ಬ್ಯಾಡ. ಕಾರಲ್ಲಿ ಯೋಳ್ತೀನಿ."

ಮಾರ್ಚ್ 18

ಹೊಸ ಪ್ಲೇಟು ಹಾಕಿದರು. ಹಳೇದು ಬಿಚ್ಚಿದಾಗ ಆ ಜಾಗದಲ್ಲಿ ಬಣ್ಣ ಹೊಸದಾಗಿತ್ತು. ಮೇಷ್ಟ್ರಿಗೆ ಫೋಟೋ ಕಳಿಸಿದೆ. ಕೈಮುಗಿದ ಚಿತ್ರ ಬಂತು, ಹಿಂದೆಯೇ ಅಳುವ ಮುಖ. ಪಾಪ. ತವರಿನವರಿಗೆ ಇರೋದೇ.

ಮಾರ್ಚ್ 19, ಯುಗಾದಿ

ಪೂಜೆ. ಚಕ್ರಕ್ಕೆ ನಿಂಬೆಹಣ್ಣು. ಒಂದು ಮಾರು ಮುಂದೆ ತಂದು ಹಣ್ಣಿನ ಮೇಲೆ ಚಕ್ರ ಹತ್ತಿಸಿದೆ. ಬಾ, ಕೂರು ಅಂದೆ. "ಒಂದ್ ಮಾರಿಗೆ ಯಾರಾದ್ರೂ ಹತ್ತುತಾರಾ? ನಾಳೀಕೆ ಇರ್ಲಿ." ಊಟದ ಹೊತ್ತಲ್ಲಿ ಮತ್ತೆ ಬಾಯಿ ತೆರೆದಳು, ಮತ್ತೆ ನುಂಗಿಕೊಂಡಳು. ಏನಮ್ಮಾ ಅಂಥಾದ್ದು? ಕೇಳಿದರೆ ಅದೇ. ಕಾರಲ್ಲಿ.

ಮಾರ್ಚ್ 20, ಬೆಳಿಗ್ಗೆ

ಹೊಸತೊಡಕು. ತಯಾರಾಗಿ ಆಗಲೇ ಎಷ್ಟೋ ಹೊತ್ತು. ಹಸುವಿಗೆ ಹುಲ್ಲು ಹಾಕಿದೆ. ಇವಳು ಮಾವಿನಹಣ್ಣಿನ ಬಣ್ಣದ ಸೀರೆ ಉಟ್ಟು, ಹೂ ಮುಡಿದು, ಕಾರನ್ನ ಒಂದು ಸುತ್ತು ಬಂದಳು. ನಂಬರ್ ಪ್ಲೇಟನ್ನ ಸೆರಗಲ್ಲಿ ಒರೆಸಿದಳು. ಕೂತಳು. ಮುಂದೆ, ಎಡಗಡೆ.

ಕೂತಳು!

ಬರೆದಿಟ್ಟು ಬರ್ತೀನಿ ಅಂತ ಒಳಗೆ ಓಡಿ ಬಂದೆ. ಬರೋಕೆ ಮುಂಚೆ ಕಿಟಕಿ ಹತ್ತಿರ ಬಗ್ಗಿ ಕೇಳಿದೆ, ಡ್ರೈವರ್ ಜೊತೆ ಮಾತಾಡ್ತೀಯಾ ಅಂತ. ನಗಲಿಲ್ಲ. ಸ್ಟೇರಿಂಗ್ ಮೇಲುಗಡೆ ಒಂದು ಸಲ ನೋಡಿದಳು.

"ಬೋರ್ಡ್ ಇಲ್ವಲ್ಲ. ಮದ್ವೆಯಾದಾಗಿಂದ ಮಾತು ಕೂಡಿಟ್ಕೊಂಡಿವ್ನಿ ಕಣಯ್ಯ. ಆಲಹಳ್ಳಿ ದಾರಿ ಸಾಲಲ್ಲ. ಒಸಿ ಸುತ್ತಾಕ್ಕೊಂಡ್ ಹೋಗು."

ಸುತ್ತು ಹಾಕ್ತೀನಿ! ಮಾಗಡಿ, ಕುದೂರು, ಎಲ್ಲಿಗೆ ಬೇಕಾದರೂ...

ಹಾರನ್ ಹೊಡೀತಿದ್ದಾಳೆ. ಈಗ ಬಾಗಿಲಿಗೆ ಕೈಯಿಂದ ಎರಡು ಬಡಿತ, ಥೇಟ್ ಕಂಡಕ್ಟರು — "ಟೈಮಾಯ್ತು! ರೈಟ್, ರೈಟ್!"

ಬಂದೆ ಕಣಮ್ಮಾ, ಬಂ—