ಕೆಂಪು ಟೇಪಿನ ಡಬ್ಬಿ

೧೪ನೇ ತಾರೀಕು, ಗುರುವಾರ
ಮಧ್ಯಾಹ್ನ, ಮೀನಿನ ಕೋಣೆ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ, ನನ್ನೊಬ್ಬಳನ್ನು ಬಿಟ್ಟು. ನನಗೂ ಏನೂ ಆಗಿಲ್ಲ, ಗಾಬರಿ ಬೀಳಬೇಡ. ಗಾಬರಿ ಬೀಳುವ ಕೆಲಸ ಹೇಗೂ ನನ್ನದು. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. "ಮಗಳಿಗೆ ಹೆರಿಗೆ ಹತ್ತಿರ ಬಂತಲ್ಲ, ನಾನು ಬರಲಾ? ಬೇಡ ಅಂದರೂ ಬೇಜಾರಿಲ್ಲ" ಅಂತ ನೀನು ಕೇಳಿದ್ದೆ. ನಾನು ಬಾ ಅಂತಲೂ ಬರೆಯಲಿಲ್ಲ, ಬೇಡ ಅಂತಲೂ ಬರೆಯಲಿಲ್ಲ. ಮೂರು ಸಲ ಬರೆದು ಹರಿದೆ. ಫೋನು ಮಾಡಿದರೆ ನಿನ್ನ ದನಿ ಕೇಳಿದ ಕೂಡಲೇ ಬಿಸಿಲು ಮಳೆ ಮಾತಾಡಿ ಇಟ್ಟುಬಿಡುತ್ತೇನೆ, ನನ್ನ ಹಣೆಬರಹ ನನಗೆ ಗೊತ್ತು. ಏಳನೇ ತರಗತಿಗೆ ಸ್ಕೂಲು ಬಿಟ್ಟವಳ ಅಕ್ಷರ, ತಪ್ಪಿದ ಕಡೆ ಸರಿ ಮಾಡಿಕೊಂಡು ಓದು.

ಈ ಸಲ ಹರಿಯದೆ ಬರೆಯುವ ಹಾಗಾಗಿದ್ದು ಮೀನುಗಳಿಂದ. ನಗಬೇಡ.

ಸಂಶೋಧನಾಲಯದಲ್ಲಿ ಮೀನಿಗೆ ಊಟ ಹಾಕುವುದು ನನ್ನ ಕೆಲಸ ಅಂತ ನಿನಗೆ ಗೊತ್ತಲ್ಲ. ನಮ್ಮ ಮೇಡಂ ನರಗಳ ವಿಜ್ಞಾನಿ. ಈ ಕಟ್ಟಡದಲ್ಲಿ ಉಳಿದವರೆಲ್ಲ ಮಿದುಳು ಮಿದುಳು ಅಂತ ಓಡಾಡಿದರೆ ಇವರದ್ದು ಕರುಳು. ಅದಕ್ಕೇ ಗಾಜು ತೊಳೆಯುವವನು ಅವರಿಗೆ 'ಹೊಟ್ಟೆ ಮೇಡಂ' ಅಂತ ಹೆಸರಿಟ್ಟಿದ್ದಾನೆ. ಅವರಿಗೂ ಗೊತ್ತು. ಒಂದೊಂದು ಸಲ ಫೋನಿನಲ್ಲಿ ಅವರೇ "ನಾನು, ಹೊಟ್ಟೆ" ಅನ್ನುತ್ತಾರೆ. ಕರುಳಿಗೆ ಅದರದೇ ನರಗಳಿವೆಯಂತೆ. ತಿಂದದ್ದನ್ನು ಕೆಳಗೆ ತಳ್ಳುವುದು ಅವೇ, ಮಿದುಳಿನ ಅಪ್ಪಣೆಗೆ ಕಾದು ಕೂರುವುದಿಲ್ಲವಂತೆ. ಆ ನರಗಳು ಹೇಗೆ ಹುಟ್ಟಿ ಬೆಳೆಯುತ್ತವೆ ಅಂತ ಮೀನಿನ ಮರಿಗಳಲ್ಲಿ ನೋಡುತ್ತಾರೆ. ಮರಿ ಅಕ್ಕಿಕಾಳಿಗಿಂತ ಚಿಕ್ಕದು, ಮೈಯೆಲ್ಲ ಗಾಜು. ಒಳಗಿರುವುದೆಲ್ಲ ಹೊರಗೇ ಕಾಣುತ್ತದೆ.

ಹೋದ ವಾರ ಕೆಂಪು ಟೇಪು ಅಂಟಿಸಿದ ಡಬ್ಬಿಯಲ್ಲಿ ಹನ್ನೆರಡು ಮರಿಗಳ ಹೊಟ್ಟೆ ಉಬ್ಬಿತ್ತು. ಊಟದ ಪುಡಿ ಜಾಸ್ತಿ ಹಾಕಿಬಿಟ್ಟೆ ಅಂದುಕೊಂಡೆ. ನನಗಿಂತ ಮುಂಚೆ ಇದ್ದವಳನ್ನು ಒಂದು ತೊಟ್ಟಿ ಮೀನು ಸಾಯಿಸಿದ್ದಕ್ಕೇ ಕೆಲಸದಿಂದ ತೆಗೆದದ್ದು. ಪಕ್ಕದಲ್ಲಿ ನೀಲಿ ಟೇಪಿನ ಡಬ್ಬಿ, ಅಷ್ಟೇ ದಿನದ ಮರಿಗಳು, ಚೆನ್ನಾಗಿದ್ದವು. ಅದರಿಂದ ಹನ್ನೆರಡನ್ನು ಕೊಳವೆಯಲ್ಲಿ ಹೀರಿ ಕೆಂಪು ಡಬ್ಬಿಗೆ ಬಿಟ್ಟೆ. ಉಬ್ಬಿದವನ್ನು ಖಾಲಿ ಜಾಮ್ ಬಾಟಲಿಗೆ ಹಾಕಿ ಸಿಂಕಿನ ಕೆಳಗೆ ಬಚ್ಚಿಟ್ಟೆ. ಸಿಂಕಿಗೇ ಸುರಿಯಲು ಮನಸ್ಸು ಬರಲಿಲ್ಲ.

ಮಾರನೇ ದಿನ ಮೇಡಂ ಕುರ್ಚಿಯಿಂದ ಎದ್ದು ನಿಂತುಬಿಟ್ಟರು. "ಬರಬಾರದ ಕಡೆ ನರ ಬಂದಿದೆ! ಇದು ಹೇಗೆ ಸಾಧ್ಯ?" ಊಟ ಬಿಟ್ಟು ಎಣಿಸಿದರು, ಮತ್ತೆ ಎಣಿಸಿದರು. ಗಾಜು ತೊಳೆಯುವವನು ನನ್ನ ಕಿವಿಯಲ್ಲಿ, "ಹೊಟ್ಟೆ ಮೇಡಂಗೆ ದೊಡ್ಡ ಬಹುಮಾನ ಬರುತ್ತೆ ಅನ್ಸುತ್ತೆ, ನಮಗೂ ಒಂದೊಂದು ಟೀ ಗ್ಯಾರಂಟಿ" ಅಂದ. ನಾನು ಬಗ್ಗಿ ಸಿಂಕಿನ ಕೆಳಗಿನ ಬಾಟಲಿ ನೋಡಿ ಬಂದೆ.

ಮೂರನೇ ದಿನ ಬಾಟಲಿ ತಂದು ಅವರ ಮೇಜಿನ ಮೇಲೆ ಇಟ್ಟೆ. ಏಳು ಮರಿ ಉಳಿದಿದ್ದವು. "ಮೇಡಂ, ತಪ್ಪು ನಂದು. ಜಾಸ್ತಿ ಹಾಕಿ ಹೊಟ್ಟೆ ಕೆಡಿಸಿಬಿಟ್ಟೆ. ಬದಲಾಯಿಸಿದ್ದೂ ನಾನೇ."

ಅವರು ಬಾಟಲಿ ನೋಡಿದರು, ನನ್ನನ್ನು ನೋಡಿದರು, ತಲೆ ಮೇಲೆ ಕೈ ಹೊತ್ತು ಕೂತರು. "ಅಯ್ಯೋ ಏನಮ್ಮಾ ನೀವು! ಅವು ಹುಟ್ಟಿದ್ದೇ ಹಾಗೆ. ಹಾಗಿರಲಿ ಅಂತಲೇ ಸಾಕಿದ್ದು!" ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಸಿಟ್ಟೂ ಬಂತು. "ಮೂರು ದಿನದ ಕೆಲಸ ನೀರು ಪಾಲು. ಇನ್ನು ಮೇಲೆ ಮೀನು ಸತ್ತರೂ ಬಂದು ಹೇಳಿ, ಬದಲಾಯಿಸಬೇಡಿ. ಬನ್ನಿ ಇಲ್ಲಿ, ಕಣ್ಣಿಡಿ."

ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಚೆನ್ನಾಗಿರುವ ಮರಿಯ ಕರುಳಿನ ಉದ್ದಕ್ಕೂ ಹಸಿರು ಚುಕ್ಕಿಗಳು ಮಿನುಗುತ್ತಿದ್ದವು, ರಸ್ತೆ ದೀಪದ ಸಾಲಿನ ಹಾಗೆ. ಉಬ್ಬಿದ ಮರಿಯಲ್ಲಿ ಮೇಲೆ ನಾಲ್ಕು ದೀಪ, ಆಮೇಲೆ ಬರೀ ಕತ್ತಲು. "ಈ ನರದ ಕಣಗಳು ತಲೆಯ ಹಿಂದಿನಿಂದ ಹೊರಟು ಕರುಳಿನ ಕೊನೆ ತನಕ ನಡೆಯಬೇಕು. ಉಬ್ಬಿದ ಮರಿಗಳಲ್ಲಿ ದಾರಿಯಲ್ಲೇ ನಿಂತುಹೋಗಿವೆ. ನರ ಇಲ್ಲದ ಕಡೆ ಮುಂದಕ್ಕೆ ತಳ್ಳೋರಿಲ್ಲ, ಅದಕ್ಕೇ ಉಬ್ಬೋದು. ನೀವು ಊಟ ಹಾಕಿದ್ದರೂ ಇಷ್ಟೇ, ಹಾಕದಿದ್ದರೂ ಇಷ್ಟೇ."

"ಮನುಷ್ಯರಿಗೂ ಹೀಗಾಗುತ್ತಾ ಮೇಡಂ?"

"ಆಗುತ್ತೆ. ಸುಮಾರು ಐದು ಸಾವಿರ ಮಕ್ಕಳಲ್ಲಿ ಒಂದಕ್ಕೆ."

ಅಕ್ಕ, ನನ್ನ ಬಾಯಿ ತಾನಾಗಿ ಬಿಚ್ಚಿಕೊಂಡಿತು. ನನ್ನ ಮೊದಲನೆಯವನು ಹುಟ್ಟಿದಾಗಿನಿಂದ ಹೊಲಸು ಮಾಡದೆ ಇದ್ದದ್ದು, ಹಸಿರಾಗಿ ಕಕ್ಕಿದ್ದು, ಮೂರನೇ ದಿನ ಹೊಟ್ಟೆ ಬಿಗಿದದ್ದು, ನಾಲ್ಕನೇ ದಿನ ಹೋಗಿಬಿಟ್ಟದ್ದು, ಎಲ್ಲ ಹೇಳಿದೆ, ಈಗ ಮಗಳಿಗೆ ಹೆರಿಗೆ ಹತ್ತಿರ ಅಂತಲೂ. ಮೇಡಂ ಪೆನ್ನು ಕೆಳಗಿಟ್ಟರು. "ನಾನು ಡಾಕ್ಟರಲ್ಲ. ನೋಡದ ಮಗುವಿನ ಬಗ್ಗೆ ಇದೇ ಅಂತ ಹೇಳೋಕಾಗಲ್ಲ. ಆದರೆ ನೀವು ಹೇಳಿದ ಲಕ್ಷಣವೆಲ್ಲ ಇದೇ. ಹಾಗಿದ್ದರೆ ಅದು ಮಗು ನಿಮ್ಮ ಹೊಟ್ಟೆಯಲ್ಲಿದ್ದಾಗಲೇ ಆಗಿದ್ದು. ಈಗ ಆಪರೇಷನ್ ಇದೆ. ಮಗಳ ಡಾಕ್ಟರಿಗೆ ಮರೆಯದೆ ಹೇಳಿ."

"ಯಾರಾದರೂ ಎರಡು ಚಮಚ ಸಕ್ಕರೆ ನೀರು ಕೊಟ್ಟಿದ್ದರೆ?"

"ಅದರಿಂದ ಇದು ಬರಲ್ಲಮ್ಮ."

ಅಷ್ಟೇ. ಒಂದೇ ಮಾತಲ್ಲಿ ಮುಗಿಸಿ ಮೀನಿನ ಕಡೆ ತಿರುಗಿದರು. ನಾನು ತೊಟ್ಟಿ ಒರೆಸಲು ಹೋಗಿ ಒರೆಸಿದ್ದನ್ನೇ ಒರೆಸಿದೆ.

ನೀನು ಆ ಸಕ್ಕರೆ ನೀರು ಕೊಟ್ಟಿದ್ದಕ್ಕೇ ಮಗು ಹೋಯಿತು ಅಂತ ಅಮ್ಮ ಸಾಯುವ ತನಕ ಹೇಳಿದಳು. ನಾನೂ ನಂಬಿದೆ. ಎರಡನೆಯವಳು ಹುಟ್ಟಿದಾಗ ನೀನು ಬಂದೆ, ಮಗು ಮಲಗಿದೆ ಅಂತ ನಾನು ಬಾಗಿಲಿಂದಲೇ ಕಳಿಸಿದೆ. ಮಲಗಿರಲಿಲ್ಲ, ನನ್ನ ತೊಡೆ ಮೇಲೆ ಆಡುತ್ತಿದ್ದದ್ದು ನಿನಗೂ ಕೇಳಿಸಿರಬೇಕು. ನೀನು ಹೆಣೆದು ತಂದ ಹಳದಿ ಟೋಪಿಯನ್ನು ಹೊಸಲಿನ ಮೇಲಿಟ್ಟು ಹೋದೆ. ಅವಳಿಗೆ ಅದನ್ನು ಒಂದು ದಿನವೂ ಹಾಕಲಿಲ್ಲ.

ಈಗ ಏನು ಮಾಡಬೇಕೋ ತಿಳಿಯುತ್ತಿಲ್ಲ. ಮೇಡಂ ಮಾತು ಸುಳ್ಳಾದರೆ ಅಂತ ಒಂದು ಹೆದರಿಕೆ. ನಿಜವಾದರೆ ಇನ್ನೂ ದೊಡ್ಡ ಹೆದರಿಕೆ. ಮೂವತ್ತೊಂದು ವರ್ಷದ ಸಿಟ್ಟನ್ನು ಎಲ್ಲಿ ಇಳಿಸಲಿ? ಬಸ್ಸಿನಲ್ಲಿ ಬರುವಾಗ ನಗು ಬಂತು, ಇಳಿದ ಮೇಲೆ ಅಳು ಬಂತು. ಎದುರಿಗಿದ್ದವರು ಏನಂದುಕೊಂಡರೋ. ಮಗಳ ಡಾಕ್ಟರಿಗೆ ಹೇಳಿದ್ದೇನೆ. ಬರೆದುಕೊಂಡರು, ಹುಟ್ಟಿದ ಕೂಡಲೇ ನಿಗಾ ಇಡುತ್ತಾರಂತೆ. ನಾನು ಮಾತ್ರ ದಿನಕ್ಕೆ ಹತ್ತು ಸಲ ಮಗಳ ಹೊಟ್ಟೆ ನೋಡುತ್ತೇನೆ. "ಅಮ್ಮಾ, ಅದೇನು ಮೀನಾ?" ಅಂತ ಗದರಿಸುತ್ತಾಳೆ.

ಬಾ ಅಕ್ಕ. ಮುಂದಿನ ತಿಂಗಳು ಮೊದಲ ವಾರ ಅಂದಿದ್ದಾರೆ. ಒಂದು ವಾರ ಮುಂಚೆಯೇ ಬಾ.

ಭಾವನಿಗೆ ನಮಸ್ಕಾರ, ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳಲು ಹೇಳು. ನಿನ್ನ ಮಕ್ಕಳು ಮೊಮ್ಮಕ್ಕಳೆಲ್ಲ ಗಟ್ಟಿಯಾಗಿರಲಿ, ಅವರ ಹೊಟ್ಟೆ ತಣ್ಣಗಿರಲಿ.

ನಿನ್ನ
ಗಾಬರಿಗುಬ್ಬಿ

ಬರೆಯಲು ಆಗದೆ ಉಳಿದದ್ದು: ಮೇಲೆ ನೀನು ಸಕ್ಕರೆ ನೀರು ಕೊಟ್ಟೆ ಅಂತ ಬರೆದಿದ್ದೇನೆ. ಕೊಡು ಅಂದವಳು ನಾನು. "ಅಳು ನಿಲ್ತಾ ಇಲ್ಲ, ಏನಾದರೂ ಹಾಕೇ, ಸ್ವಲ್ಪ ಕಣ್ಣು ಮುಚ್ತೀನಿ" ಅಂದೆ. ಮಗು ಹೋದ ದಿನ ಅಮ್ಮ ಬಾಗಿಲಲ್ಲಿ ನಿಂತು "ಅದನ್ನ ಯಾರೇ ಕೊಟ್ಟಿದ್ದು?" ಅಂದಾಗ ನೀನು ನನ್ನ ಮುಖ ನೋಡಿದೆ. ನಾನು ಗೋಡೆ ಕಡೆ ಮಗ್ಗುಲಾದೆ. "ನಾನೇ" ಅಂದೆ ನೀನು. ಆಮೇಲೆ ಇವತ್ತಿನ ತನಕ ಒಬ್ಬರ ಹತ್ತಿರವೂ ನನ್ನ ಹೆಸರು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಕ್ಕ? ಮೀನು ಬದಲಾಯಿಸಿದ್ದನ್ನು ಮೂರು ದಿನಕ್ಕೆ ಒಪ್ಪಿಕೊಂಡೆ, ಇದನ್ನು ಒಪ್ಪಿಕೊಳ್ಳಲು ಇಷ್ಟು ಕಾಲ ಬೇಕಾಯಿತು. ಇದನ್ನು ಓದಿದ ಮೇಲೆ ಬರುವುದಿಲ್ಲ ಅಂದರೂ ಸರಿಯೇ. ಹಳದಿ ಟೋಪಿಯನ್ನು ಮಾತ್ರ ಒಗೆದು ಕಿಟಕಿಯಲ್ಲಿ ಒಣಹಾಕಿದ್ದೇನೆ. ಅದರ ದಾರ ಹೇಗೆ ಕಟ್ಟುವುದೋ ನನಗೆ ಗೊತ್ತಾಗುತ್ತಿಲ್ಲ.