ಟೀಚರ್ ಬಂದ್ರಾ?

ಕೋಡಿಂಬಾಳ

ವಾಸಂತಿ ಟೀಚರಿಗೆ ಸಂಪ್ರೀತನ ನಮಸ್ಕಾರ.

ಗಂಟಲಿನ ಆಪರೇಷನ್ ಆಗಿ ನಿಮ್ಮ ಸ್ವರ ಹೋದ ಮೇಲೆ ನೀವು ಪಾಠ ಬಿಟ್ಟಿರಿ. ಈಗ ನಿಮ್ಮ ಹಳೆಯ ರೆಕಾರ್ಡಿಂಗನ್ನು ಎಐಗೆ ಕೊಟ್ಟು, ನಾನು ಮಕ್ಕಳಿಗೆ ನಡೆಸುವ ಆನ್‌ಲೈನ್ ಕ್ಲಾಸಿಗೆ ನಿಮ್ಮದೇ ಸ್ವರದಲ್ಲಿ ಗಣಿತದ ವಿಡಿಯೊ ಮಾಡಿದ್ದೇನೆ! ಕ್ಲಾಸಿನಲ್ಲಿ ನನ್ನ ಬಾಯಿ ಮುಚ್ಚಿಸಿದವರ ಬಾಯಿ ತೆರೆಸಿದ ಕೀರ್ತಿ ನನ್ನದು.

ಒಂದೇ ಕೊರತೆ, ಅದಕ್ಕೆ ಬೈಯಲು ಬರುವುದಿಲ್ಲ. ಲೆಕ್ಕ ಕೊಟ್ಟು, ಮಕ್ಕಳು ಪೆನ್ನು ಹಿಡಿಯುವ ಮೊದಲೇ ‘ಭೇಷ್’ ಎನ್ನುತ್ತದೆ.

ನಿನ್ನೆ ಹಾಕಿ ನೋಡುವಾಗ ಅಡುಗೆಮನೆಯಿಂದ ಅಮ್ಮ, “ಟೀಚರ್ ಬಂದ್ರಾ? ಕೂತ್ಕೊಳ್ಳಿ, ಚಾ ಮಾಡ್ತೇನೆ” ಎಂದು ಲೋಟ ಹಿಡಿದು ಬಂದೇಬಿಟ್ಟರು.

ನೀವು ಒಪ್ಪದೆ ಯಾರಿಗೂ ತೋರಿಸುವುದಿಲ್ಲ. ಬೇಡವೆಂದು ತಲೆಯಾಡಿಸುವುದಾದರೂ ಭಾನುವಾರ ಇಲ್ಲಿಗೇ ಬನ್ನಿ. ಒಪ್ಪುವುದಾದರೆ ನಾಲ್ಕು ಬೈಗುಳ ಬರೆದು ತನ್ನಿ.

ನಿಮ್ಮ ಚಾ ನಾನೇ ಕುಡಿದೆ. ಅದು ಲೆಕ್ಕಕ್ಕಿಲ್ಲವಂತೆ, ಅಮ್ಮ ಹೇಳಿದರು.

ಈಗಲೂ ಹಿಂದಿನ ಬೆಂಚಿನ,
ಸಂಪ್ರೀತ್