ರಾಜನ ಕಿವಿ ಮೇಲಿನ ನೆರಳು

ನನ್ನ ಉಸ್ತಾದ್ ಬಾಷಾ ಭಾಯ್ ಅವರಿಗೆ, ಹಲಸೂರಿನಿಂದ ನಿಮ್ಮ ಮುನಿಯ ಸಲಾಂ.

ಹೇಗಿದ್ದೀರಿ ಎಂದು ಕೇಳುವುದಿಲ್ಲ. "ಸತ್ತೋನ್ನ ಹೇಗಿದ್ದೀಯ ಅಂತಾನೆ, ಬೇಕೂಫ್!" ಎಂದು ಅಲ್ಲಿಂದಲೇ ಬೈಯುತ್ತೀರಿ. ಭಯವಾಗಿದೆ ಭಾಯ್. ಬೀದಿಗೆಲ್ಲ ನಗೆ ಹಂಚುವವನು ಯಾರ ಮುಂದೆ ಹೋಗಿ ಭಯ ಅನ್ನಲಿ?

ಶಿವಾಜಿನಗರದ ನಿಮ್ಮ ಹಳೇ ನಾಣ್ಯದ ಅಂಗಡಿಯಲ್ಲಿ ಮೊದಲ ಸಲ ನನ್ನ ಕೈಗೆ ಭೂತಗನ್ನಡಿ ಕೊಟ್ಟಿರಲ್ಲ, ನೆನಪಿದೆಯಾ? "ಎಡಗಣ್ಣು ಮುಚ್ಚೋ. ಎರಡು ಕಣ್ಣಲ್ಲಿ ನೋಡಿದ್ರೆ ಆಸೆ ಜಾಸ್ತಿ ಆಗ್ತದೆ." ನಾಣ್ಯದಲ್ಲಿ ಮೊದಲು ಸವೆಯುವುದು ಉಬ್ಬಿದ ಜಾಗ, ಅದಕ್ಕೇ ರಾಜನ ಕಿವಿ ನೋಡು, ಗಡ್ಡ ನೋಡು ಎಂದಿರಿ. ಆಮೇಲೆ ತಲೆ ಮೇಲಿನ ಅಂಚು. ಯಾರೋ ಕೊರಳಿಗೆ ಹಾಕಿಕೊಳ್ಳಲು ಕೊಂಡಿ ಬೆಸೆದು, ಮಾರುವಾಗ ಕಿತ್ತು ಅರ ಹಾಕಿರುತ್ತಾರೆ. ಆ ಗಾಯ ಅಲ್ಲೇ ಇರುತ್ತದೆ.

ನಾಣ್ಯಗಳು ಫೋನಿನಲ್ಲಿ ಫೋಟೊ ಆಗಿ ಬರಲು ಶುರುವಾದಾಗ ನೀವು ಫೋನಿನ ಮೇಲೂ ಭೂತಗನ್ನಡಿ ಇಟ್ಟಿರಿ. "ಅರೇ, ಇದ್ರಲ್ಲಿ ರಾಜಾನೇ ಇಲ್ಲ, ಬರೀ ಚುಕ್ಕೆ!" ನಾನು ನಕ್ಕ ನಗೆಗೆ ಚಹಾ ಮೂಗಿನಿಂದ ಬಂತು. ಆದರೆ ಬೇಗ ಕಲಿತಿರಿ. ಕಿಟಕಿ ಬೆಳಕಿನಲ್ಲಿ ಒಂದು ತೆಗೆಸು, ಓರೆ ಹಿಡಿದು ಒಂದು ತೆಗೆಸು, ಏನನ್ನು ತೋರಿಸುತ್ತಿಲ್ಲವೋ ಅದನ್ನೇ ಕೇಳು. ನಾನೂ ಅದನ್ನೇ ಮಾಡಿಕೊಂಡು ಬಂದೆ. ಎಡಗಣ್ಣನ್ನೂ ಮುಚ್ಚಿಕೊಂಡೇ ಬಂದೆ. ಗಾಜಿಲ್ಲದಿದ್ದರೂ, ಬರೀ ಫೋನಿಗೂ.

ಹೋದ ತಿಂಗಳು ಕಲ್ಯಾಣ ನಗರದ ಒಬ್ಬ ಹೆಂಗಸು ಮಾರಲೆಂದು ಬೆಳ್ಳಿ ರೂಪಾಯಿಯ ಫೋಟೊ ಕಳಿಸಿದರು. ಕಿವಿ ನೋಡಿದೆ. ಅಲ್ಲಿ ಬೂದು ನೆರಳು. ಫೋನು ಮಾಡಿದೆ.

"ಅಮ್ಮಾ, ರಾಜನ ಕಿವಿ ಮೇಲೆ ಬೆರಳಿನ ನೆರಳು ಬಿದ್ದೈತೆ. ಅವನ ಕಿವಿ ಹಿಂಡ್ತಾ ಇದ್ರಾ?"

ಅವರು ನಕ್ಕು ಇನ್ನೊಂದು ಕಳಿಸಿದರು. ಮತ್ತೆ ನೆರಳು. ಅಂಚು ನೋಡಿದರೆ ಅಂಚಿನ ಮೇಲೂ! ನನಗೆ ಅನುಮಾನ ಬಂದ ಜಾಗದಲ್ಲೇ ಬಂದು ಕೂರುತ್ತದೆ. ಕೊಂಡಿ ಕಿತ್ತ ಗುರುತು ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ, ಹಾಗೇ ಹೇಳಿಯೂ ಬಿಟ್ಟೆ.

"ರೀ, ನೆರಳೂ ಇಲ್ಲ, ಬೆರಳೂ ಇಲ್ಲ! ನಮ್ಮಜ್ಜಿ ಪೆಟ್ಟಿಗೇದು ಇದು. ಕಳ್ಳಿ ಅಂತೀರಾ ನನ್ನ? ಇಡ್ರೀ ಫೋನು!"

ಅವತ್ತು ನನ್ನ ಹೆಂಡತಿ ಸರಸು ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಫೋನು ಅವಳ ಮುಖದ ಹತ್ತಿರ ಹಿಡಿದು, "ನೋಡೇ, ಹೆಂಗೆ ಮುಚ್ಚಿಟ್ಟವ್ಳೆ" ಎಂದೆ.

"ಏನ್ ಮುಚ್ಚಿಟ್ಟವ್ಳೆ? ಕಿವಿ ಸುರುಳೀನೂ ಕಾಣ್ತದೆ. ನಿಮಗೇನಾಗೈತೆ?"

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಸುಮ್ಮನೆ ಎಡಗಣ್ಣು ತೆರೆದು ಬಲಗಣ್ಣು ಮುಚ್ಚಿದೆ. ರಾಜನಿಗೆ ಕಿವಿ ಇತ್ತು ಭಾಯ್. ಚೆನ್ನಾಗಿತ್ತು. ಮತ್ತೆ ಬಲಗಣ್ಣಲ್ಲಿ ನೋಡಿದೆ. ಇಲ್ಲ. ಅದೇ ಕಣ್ಣಲ್ಲಿ ತಲೆ ಎತ್ತಿ ಸರಸುವನ್ನು ನೋಡಿದೆ. ಅವಳ ಮುಖ ಇರಬೇಕಾದ ಕಡೆ...

"ಏನ್ರೀ?" ಅಂದಳು. "ಏನಿಲ್ಲ, ನೀನು ಇವತ್ತು ಸಿನಿಮಾ ಹೀರೋಯಿನ್ ಥರ ಕಾಣ್ತಿದ್ದೀಯ" ಅಂದೆ. ಸೊಪ್ಪಿನ ಕಂತೆಯಲ್ಲೇ ಹೊಡೆದಳು.

ಮೊನ್ನೆ ಕಣ್ಣಾಸ್ಪತ್ರೆಗೆ ಒಬ್ಬನೇ ಹೋದೆ. ನಾಣ್ಯ ನೋಡಲು ಹೋಗುತ್ತೇನೆ ಎಂದು ಸುಳ್ಳು ಹೇಳಿ. ಔಷಧಿ ಬಿಟ್ಟು, ಯಂತ್ರಕ್ಕೆ ಗದ್ದ ಊರಿಸಿ, ಕಣ್ಣಿನ ಒಳಗಿನ ಫೋಟೊ ತೆಗೆದರು. ಡಾಕ್ಟರಮ್ಮ ಪರದೆ ನನ್ನ ಕಡೆ ತಿರುಗಿಸಿದರು. ಏನಿತ್ತು ಗೊತ್ತಾ? ದುಂಡಗೆ, ಕೆಂಪಗೆ, ಎರಡು ತಾಮ್ರದ ಕಾಸು! ಅವರು ಬಾಯಿ ತೆರೆಯುವ ಮೊದಲೇ ನಾನು ಬೆಲೆ ಕಟ್ಟಿಬಿಟ್ಟೆ. ಎಡಗಡೆಯದು ತಕ್ಕಮಟ್ಟಿಗೆ ಚೆನ್ನ. ಬಲಗಡೆಯದರ ನಟ್ಟನಡುವೆ ಕಪ್ಪಗೆ ಕಲೆ.

"ನಾನೇ ಹೇಳ್ಲಾ ಮೇಡಂ? ಬಲಗಡೇದು ನಾನಾದ್ರೆ ತಗೊಳ್ಳಲ್ಲ."

ಅವರು ನಗಲಿಲ್ಲ. "ಒಳಗೆ ರಕ್ತ ಸೋರಿದೆ. ಸಕ್ಕರೆ ಕಾಯಿಲೆ ಯಾವಾಗಿಂದ?"

"ನಂಗೆ ಕಾಯಿಲೆ ಇಲ್ಲ ಮೇಡಂ, ಮಾತು ಮಾತ್ರ ಸಿಹಿ."

"ಇದೆ. ನಿಮಗೆ ಗೊತ್ತಿಲ್ಲ ಅಷ್ಟೆ. ಕಣ್ಣಿಗೆ ಇಂಜೆಕ್ಷನ್ ಕೊಡ್ಬೇಕು, ತಡ ಮಾಡ್ಬೇಡಿ."

"ಆ ಕಲೆ ಹೋಗ್ತದಾ?"

"ಇರೋದನ್ನ ಉಳಿಸೋಕೆ ನೋಡೋಣ. ಹೋಗಿರೋದು ಎಷ್ಟು ವಾಪಸ್ ಬರುತ್ತೆ ಅಂತ ಈಗಲೇ ಹೇಳಕ್ಕಾಗಲ್ಲ. ಎಡಗಣ್ಣನ್ನೂ ನೋಡ್ತಾ ಇರ್ಬೇಕು."

ಆ ಕೊನೆಯ ಮಾತು ಕೇಳಿದ ಮೇಲೆ ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಕೂತೆ. ಬಿಸಿಲಿಗೆ ಎರಡು ಕಣ್ಣೂ ಬಿಡಲಾಗುತ್ತಿರಲಿಲ್ಲ. ಎರಡೂ ಹೋದರೆ ಹೀಗೇ ಇರುತ್ತದಾ ಭಾಯ್? ಬಸ್ಸು ಯಾವುದು ಎಂದು ಪಕ್ಕದವರನ್ನು ಕೇಳಬೇಕು, ಅವರು ಹೇಳಿದ್ದನ್ನು ನಂಬಬೇಕು. ನಂಬುವ ಅಭ್ಯಾಸವೇ ಇಲ್ಲವಲ್ಲ ನಮ್ಮಂಥವರಿಗೆ...

ಇವತ್ತು ಸಂಜೆ ಸರಸುಗೆ ಎಲ್ಲ ಹೇಳಿದೆ. ತಮಾಷೆಯಾಗಿಯೇ ಶುರು ಮಾಡಿದೆ, ಮುಗಿಸಲಾಗಲಿಲ್ಲ. ಅವಳು ಒಲೆ ಆರಿಸಿ ಬಂದು ಎದುರು ಕೂತಳು. ಆಮೇಲೆ, "ಒಬ್ರೇ ಯಾಕೆ ಹೋದ್ರಿ? ನಾನೇನ್ ಸತ್ತೋಗಿದ್ನಾ?" ಎಂದು ಬೈದಳು. ಆ ಬೈಗುಳ ಕೇಳಿ ನನಗೆ ಎಷ್ಟು ಹಗುರವಾಯಿತು ಎಂದರೆ... ಕಲ್ಯಾಣ ನಗರದ ಆ ತಾಯಿಗೂ ಫೋನು ಮಾಡಿ, ಕಳ್ಳತನ ನನ್ನ ಕಣ್ಣಿನದು, ನಿಮ್ಮದಲ್ಲ ಎಂದೆ. "ಮೊದ್ಲು ಕಣ್ಣು ನೋಡ್ಕೊಳ್ಳಿ" ಅಂದರು.

ನಾಳೆ ಬೆಳಿಗ್ಗೆ ಸೂಜಿ. ಕಣ್ಣು ಬಿಟ್ಟುಕೊಂಡೇ ಅಲ್ಲಾಡದೆ ಮಲಗಬೇಕಂತೆ, ಒಂದು ಮಾತೂ ಆಡಬಾರದಂತೆ. ನಾನು ಬಾಯಿ ಮುಚ್ಚಿ ಭಯಪಟ್ಟವನೇ ಅಲ್ಲ. ಹೇಗೆ ಮಾಡುತ್ತಾರೆ ಭಾಯ್ ಅದನ್ನು? ಸರಸು ಬಾಗಿಲ ಹೊರಗೇ ಕೂತಿರುತ್ತಾಳೆ. ನಾನು ಓಡಿಹೋಗುವುದಿಲ್ಲ.